ಹೊಸ ಬೈಕಿನ ಮೊದಲ ಸರ್ವೀಸ್: ಕಿಲೋಮೀಟರ್ ಮುಖ್ಯವೋ, ದಿನ ಮುಖ್ಯವೋ?

ಆಯುಧಪೂಜೆ, ದೀಪಾವಳಿ ಸಂದರ್ಭದಲ್ಲಿ ಹೊಸ ದ್ವಿಚಕ್ರ ವಾಹನವನ್ನು ಮನೆಗೆ ತರುವುದು ರಾಜ್ಯದ ಅನೇಕ ಕುಟುಂಬಗಳ ವಾಡಿಕೆ. ಆದರೆ ಚಕ್ರದಡಿ ನಿಂಬೆಹಣ್ಣಿಟ್ಟು, ಪೂಜೆ ಮುಗಿಸಿ ರಸ್ತೆಗಿಳಿಸಿದ ಬೈಕಿನ ಮೊದಲ ಸರ್ವೀಸ್ ಹಲವರಿಗೆ ಮರೆತೇ ಹೋಗುತ್ತದೆ. ಎಂಜಿನ್ನಿನ ಬಾಳಿಕೆ ಹಾಗೂ ವಾರಂಟಿ ಎರಡೂ ಈ ಸರ್ವೀಸನ್ನು ಅವಲಂಬಿಸಿವೆ.

ಯಾವುದು ಮೊದಲೋ ಅದೇ ಗಡುವು

ಮೊದಲ ಸರ್ವೀಸ್‌ಗೆ ಸಾಮಾನ್ಯವಾಗಿ 500ರಿಂದ 1,000 ಕಿ.ಮೀ. ಅಥವಾ 30ರಿಂದ 60 ದಿನಗಳ ಮಿತಿ ಇರುತ್ತದೆ. ಇದು ಮಾದರಿಯಿಂದ ಮಾದರಿಗೆ ಬೇರೆಯಾಗುವುದರಿಂದ ಬೈಕಿನೊಡನೆ ನೀಡುವ ಕೈಪಿಡಿಯನ್ನು ನೋಡುವುದೇ ಸರಿಯಾದ ಕ್ರಮ. ಕಿಲೋಮೀಟರ್ ಮತ್ತು ದಿನಗಳಲ್ಲಿ ಯಾವುದು ಮೊದಲು ಮುಗಿಯುವುದೋ ಅದೇ ಗಡುವು.

ಉದಾಹರಣೆಗೆ, ಮಿತಿ 750 ಕಿ.ಮೀ. ಅಥವಾ 45 ದಿನ ಎಂದಿರಲಿ. ನಗರದಲ್ಲಿ ಆಹಾರದ ಪೊಟ್ಟಣ ತಲುಪಿಸುತ್ತ ದಿನಕ್ಕೆ 100 ಕಿ.ಮೀ. ಓಡಾಡುವ ಯುವಕನಿಗೆ ಎಂಟನೇ ದಿನವೇ ಗಡುವು ಬರುತ್ತದೆ. ದಿನಕ್ಕೆ 10 ಕಿ.ಮೀ. ಮಾತ್ರ ಓಡಿಸುವ ಹಳ್ಳಿಯ ಶಿಕ್ಷಕರ ಬೈಕು 45 ದಿನಗಳಲ್ಲಿ 450 ಕಿ.ಮೀ. ಅಷ್ಟೇ ಕ್ರಮಿಸಿರುತ್ತದೆ. 'ಇನ್ನೂ 750 ಆಗಿಲ್ಲವಲ್ಲ' ಎಂದು ಅವರು ಕಾಯುತ್ತ ಕುಳಿತರೆ ಗಡುವು ಮೀರುತ್ತದೆ.

ಆಯಿಲ್ ಬದಲಾವಣೆ ಏಕೆ?

ಹೊಸ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗ್, ಸಿಲಿಂಡರ್ ಗೋಡೆ ಹಾಗೂ ಗೇರುಗಳು ಪರಸ್ಪರ ಉಜ್ಜಿ ಹೊಂದಿಕೊಳ್ಳುತ್ತವೆ. ಆಗ ಸವೆದ ಲೋಹದ ಸೂಕ್ಷ್ಮ ಕಣಗಳು ಆಯಿಲ್‌ನಲ್ಲಿ ಸೇರುತ್ತವೆ. ಬಹುತೇಕ ಬೈಕುಗಳಲ್ಲಿ ಎಂಜಿನ್, ಗೇರ್ ಹಾಗೂ ಕ್ಲಚ್‌ಗೆ ಒಂದೇ ಆಯಿಲ್ ಇರುವುದರಿಂದ ಅದನ್ನು ಬದಲಿಸುವುದು ಅಗತ್ಯ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುವ ಸಾಧ್ಯತೆಯಿದ್ದು, ಕೈಪಿಡಿ ಸೂಚಿಸಿದ ದರ್ಜೆಯನ್ನೇ ಬಳಸಬೇಕು.

ಈ ಅವಧಿಯಲ್ಲಿ ಆಕ್ಸಿಲರೇಟರನ್ನು ಪೂರ್ತಿ ತಿರುವುದು, ದೀರ್ಘಕಾಲ ಒಂದೇ ವೇಗದಲ್ಲಿ ಓಡಿಸುವುದು, ಅತಿಭಾರ ಹೇರುವುದು ಸಲ್ಲದು.

ಏನೇನು ಪರಿಶೀಲಿಸಬೇಕು?

ಬೈಕು ತೊಳೆದು ಕೊಟ್ಟರೆ ಸರ್ವೀಸ್ ಆದಂತಲ್ಲ. ಚೈನಿನ ಬಿಗಿ, ಕ್ಲಚ್ ಮತ್ತು ಬ್ರೇಕಿನ ಸಡಿಲ, ನಟ್ಟು-ಬೋಲ್ಟು, ಸ್ಪೋಕ್, ಬ್ಯಾಟರಿ ಹಾಗೂ ಟೈರಿನ ಗಾಳಿಯ ಪರಿಶೀಲನೆ ಆಗಬೇಕು. ಆಯಿಲ್ ಫಿಲ್ಟರ್ ಇರುವ ಮಾದರಿಗಳಲ್ಲಿ ಅದನ್ನೂ ಕೈಪಿಡಿಯಂತೆ ಬದಲಿಸಬೇಕು. ವಾಲ್ವ್ ಅಂತರವನ್ನು ಸಾಮಾನ್ಯವಾಗಿ ತಣ್ಣಗಿರುವ ಎಂಜಿನ್ನಿನಲ್ಲಿ ಅಳೆಯುವುದರಿಂದ, ಆ ಕೆಲಸವಿದ್ದರೆ ಬೈಕನ್ನು ಹಿಂದಿನ ಸಂಜೆಯೇ ಬಿಟ್ಟುಬರುವುದು ಒಳಿತು.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾದ ಬಳಿಕ ಬಹುತೇಕ ಹೊಸ ಪೆಟ್ರೋಲ್ ಬೈಕುಗಳಲ್ಲಿ ಕಾರ್ಬುರೇಟರ್ ಬದಲು ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಹೀಗಾಗಿ ಸ್ಕ್ರೂ ತಿರುಗಿಸಿ ಮೈಲೇಜ್ ಹೆಚ್ಚಿಸುವ ಹಳೆಯ ಪದ್ಧತಿ ಇವುಗಳಿಗೆ ಅನ್ವಯಿಸದು.

'ಉಚಿತ' ಎಂದರೆ ಕೂಲಿ ಮಾತ್ರ

ಉಚಿತ ಸರ್ವೀಸ್ ಎಂದರೆ ಸಾಮಾನ್ಯವಾಗಿ ಕೂಲಿ ಮಾತ್ರ ಉಚಿತ. ಆಯಿಲ್, ಫಿಲ್ಟರ್ ಮುಂತಾದವುಗಳಿಗೆ ಹಣ ತೆರಬೇಕು. ಬೈಕು ಒಪ್ಪಿಸುವಾಗ ದೂರುಗಳನ್ನೆಲ್ಲ ಜಾಬ್ ಕಾರ್ಡ್‌ನಲ್ಲಿ ಬರೆಸಿ, ಅಂದಾಜು ವೆಚ್ಚ ಕೇಳಿಕೊಳ್ಳಬೇಕು. ಪಾಲಿಶ್, ಕೋಟಿಂಗ್‌ನಂಥ ಹೆಚ್ಚುವರಿ ಕೆಲಸಗಳು ಬೇಡವಾದರೆ ಮೊದಲೇ ತಿಳಿಸಬೇಕು. ಹಿಂಪಡೆಯುವಾಗ ಬ್ರೇಕ್, ದೀಪ, ಹಾರ್ನ್ ಪರೀಕ್ಷಿಸಿ, ಆಯಿಲ್ ಮಟ್ಟ ನೋಡಿ, ಸರ್ವೀಸ್ ಪುಸ್ತಕದಲ್ಲಿ ದಿನಾಂಕ, ಕಿಲೋಮೀಟರ್ ಹಾಗೂ ಮೊಹರು ಬಿದ್ದಿರುವುದನ್ನು ಖಚಿತಪಡಿಸಿಕೊಳ್ಳಬೇಕು.

ಗಡುವು ಮೀರಿದರೆ?

ಗಡುವು ಮೀರಿದಲ್ಲಿ ಉಚಿತ ಕೂಪನ್ ರದ್ದಾಗಬಹುದು. ಮುಂದೆ ಎಂಜಿನ್ ದೋಷ ಕಂಡುಬಂದಾಗ ವಾರಂಟಿ ನಿರಾಕರಣೆಗೂ ಇದೇ ಕಾರಣವಾಗಬಹುದು. ಅನಾರೋಗ್ಯ, ಮಳೆ ಅಥವಾ ದೂರದ ಕಾರಣ ಹೋಗಲಾಗದಿದ್ದರೆ ಗಡುವಿಗೆ ಮೊದಲೇ ಲಿಖಿತವಾಗಿ ತಿಳಿಸಿ, ಅದರ ಪ್ರತಿ ಇಟ್ಟುಕೊಳ್ಳುವುದು ಸೂಕ್ತ.

ಸೇವೆಯಲ್ಲಿ ಲೋಪವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗಕ್ಕೇ ದೂರು ಸಲ್ಲಿಸಲು ಅವಕಾಶ ನೀಡಿದೆ. ಅಂಥ ಸಂದರ್ಭದಲ್ಲಿ ಜಾಬ್ ಕಾರ್ಡ್ ಮತ್ತು ರಸೀದಿಗಳೇ ಗ್ರಾಹಕರ ಕೈಯಲ್ಲಿರುವ ಸಾಕ್ಷ್ಯ.