ವಿದೇಶ ವ್ಯಾಸಂಗ: ಅಂಕವಿದ್ದರೆ ಸಾಲದು, ಜಾಮೀನೂ ಬೇಕು

ಎಸ್.ಎಸ್.ಸಿ., ಎಚ್.ಎಸ್.ಸಿ. ಫಲಿತಾಂಶ ಬಂತೆಂದರೆ ಮುಂಬಯಿ, ಪುಣೆಯ ಕನ್ನಡ ಸಂಘಗಳಲ್ಲಿ ಪ್ರತಿಭಾ ಪುರಸ್ಕಾರದ ಸಂಭ್ರಮ. ಹೆಚ್ಚು ಅಂಕ ಗಳಿಸಿದ ಮಕ್ಕಳಿಗೆ ಹೂಗುಚ್ಛ, ಸ್ಮರಣಿಕೆ, ನಗದು ಬಹುಮಾನ. ಉನ್ನತ ವ್ಯಾಸಂಗಕ್ಕೆ ವಿದೇಶಕ್ಕೆ ಹೊರಟವರಿದ್ದರೆ ಅವರನ್ನೂ ವೇದಿಕೆಗೆ ಕರೆದು ಶಾಲು ಹೊದೆಸುವುದುಂಟು. ಇದು ಸಂತೋಷದ ವಿಷಯವೇ. ಆದರೆ ಅಷ್ಟೇ ಅಂಕ ಪಡೆದೂ ಹೊರಡಲಾಗದೆ ಉಳಿದವರು ಯಾರು, ಏಕೆ ಉಳಿದರು ಎಂಬ ಲೆಕ್ಕ ಸಂಘಗಳ ವಾರ್ಷಿಕ ವರದಿಯಲ್ಲಿ ಸಿಗುವುದು ಅಪರೂಪ.

ವಿದೇಶ ವ್ಯಾಸಂಗದಲ್ಲಿ ಸಮಾನ ಅವಕಾಶ ಎಂಬುದು ಹೊಸ ಮಾತಲ್ಲ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಪದವಿ ಮುಗಿಸಿದ ಡಾ. ಬಿ.ಆರ್. ಅಂಬೇಡ್ಕರ್ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ನೀಡಿದ ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವಿದ್ಯಾರ್ಥಿವೇತನದಿಂದ. ಅದರ ಅವಧಿ ಮುಗಿದಾಗ, 1917ರಲ್ಲಿ, ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಅವರು ಮರಳಬೇಕಾಯಿತು. ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಉಳಿಸಿದ ಹಣ, ಕೊಲ್ಲಾಪುರದ ಶಾಹು ಮಹಾರಾಜರ ನೆರವು, ಪಾರ್ಸಿ ಗೆಳೆಯರೊಬ್ಬರು ಕೊಟ್ಟ ಸಾಲ, ಇವಿಷ್ಟು ಕೂಡಿಬಂದ ಮೇಲೆ 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ ಓದು ಪೂರೈಸಿದರು. ಅಂಥ ಪ್ರತಿಭೆಗೂ ಬೆನ್ನ ಹಿಂದೆ ಒಬ್ಬರು ನಿಲ್ಲಬೇಕಾಯಿತು.

ಕರ್ನಾಟಕದ ರಾಜೇಶ್ವರಿ ಚಟರ್ಜಿ ಅವರದೂ ಇಂಥದೇ ನಿದರ್ಶನ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಅವರು 1940ರ ದಶಕದಲ್ಲಿ ಸರಕಾರದ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಏಷ್ಯಾದ ಮಹಿಳೆಯರಿಗೆಂದೇ 1917ರಲ್ಲಿ ಆರಂಭವಾದ ಬಾರ್ಬರ್ ವಿದ್ಯಾರ್ಥಿವೇತನ ಅವರ ಪಿಎಚ್.ಡಿ.ಗೆ ಆಸರೆಯಾಯಿತು. 1953ರಲ್ಲಿ ಮರಳಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾಗಿ, ಮೈಕ್ರೋವೇವ್ ಸಂಶೋಧನೆಯಲ್ಲಿ ಹೆಸರು ಮಾಡಿದರು. ಹೆಣ್ಣುಮಕ್ಕಳಿಗೆಂದು ಯಾರೋ ಎತ್ತಿಟ್ಟ ಹಣದ ಫಲ ಕನ್ನಡ ನಾಡಿಗೆ ದಕ್ಕಿತು.

ಬ್ಯಾಂಕು ಕೇಳುವ ಕಾಗದ

ಇಂದು ರಾಜರ ಕಾಲವಲ್ಲ, ಬ್ಯಾಂಕು ಸಾಲ ಕೊಡುತ್ತದೆ ಎಂದು ಅನೇಕರ ಸಮಾಧಾನ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ಆಸ್ತಿ ಅಡವು ಕೇಳುವಂತಿಲ್ಲ. ಕೇಂದ್ರದ ಸಾಲ ಖಾತರಿ ನಿಧಿಯಡಿ ಏಳೂವರೆ ಲಕ್ಷದವರೆಗೂ ಅಡವಿಲ್ಲದೆ ಸಾಲ ಸಿಗಬಹುದು. ಅದಕ್ಕೂ ಮೇಲೆ ಹೋದರೆ ಮನೆ, ನಿವೇಶನ ಅಥವಾ ಠೇವಣಿಯ ಭದ್ರತೆ ಬೇಕು. ಏಳೂವರೆ ಲಕ್ಷದಲ್ಲಿ ಮುಗಿಯುವ ವಿದೇಶಿ ಓದು ಎಷ್ಟಿದೆ? ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವು ಬೋಧನಾ ಶುಲ್ಕ ಪಡೆಯುವುದಿಲ್ಲ. ಆದರೆ ವೀಸಾ ಬೇಕಾದರೆ ಒಂದು ವರ್ಷದ ಖರ್ಚಿಗೆಂದು 11,904 ಯೂರೊ ಖಾತೆಯಲ್ಲಿ ತೋರಿಸಬೇಕೆಂಬ ನಿಯಮ 2024ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ರೂಪಾಯಿ ಲೆಕ್ಕದಲ್ಲಿ ಅದು ಹತ್ತು ಲಕ್ಷಕ್ಕೂ ಮೇಲೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಶುಲ್ಕವಿಲ್ಲದ ಸೀಟೂ ಬಡವರ ಕೈಗೆಟುಕದು.

ವಲಸೆ ಬಂದ ಕನ್ನಡಿಗರ ಕಷ್ಟ ಇಲ್ಲಿಯೇ. ಹೋಟೆಲಿನಲ್ಲಿ ದುಡಿದವರು, ಕ್ಯಾಂಟೀನ್ ನಡೆಸಿದವರು, ಗಿರಣಿ ಮುಚ್ಚಿದ ಮೇಲೆ ಸಿಕ್ಕ ಕೆಲಸ ಹಿಡಿದವರು ಇರುವುದು ಬಾಡಿಗೆ ಮನೆಯಲ್ಲೋ ಪಗಡಿಯ ಚಾಳಿನಲ್ಲೋ. ಪಗಡಿಯ ಕೋಣೆಗೆ ಮಾಲಕತ್ವದ ಪತ್ರವಿಲ್ಲ. ಊರಿನಲ್ಲಿ ಜಮೀನಿದ್ದರೆ ಅದು ಕೃಷಿ ಭೂಮಿ, ಅದರಲ್ಲಿ ಅಣ್ಣ ತಮ್ಮಂದಿರ ಪಾಲೂ ಉಂಟು. ಶಿಕ್ಷಣ ಸಾಲಕ್ಕೆ ಬ್ಯಾಂಕು ಸಾಮಾನ್ಯವಾಗಿ ಇಂಥದನ್ನು ಒಪ್ಪುವುದಿಲ್ಲ. ಕೆಲವು ಬ್ಯಾಂಕುಗಳು ತಾವು ಪಟ್ಟಿ ಮಾಡಿದ ಹೆಸರಾಂತ ವಿಶ್ವವಿದ್ಯಾಲಯಗಳಿಗೆ ಅಡವಿಲ್ಲದೆ ದೊಡ್ಡ ಸಾಲ ಕೊಡುತ್ತವೆ. ಅಲ್ಲಿಯೂ ಜೊತೆಗೆ ಸಹಿ ಹಾಕುವ ತಂದೆ ತಾಯಿಯ ಆದಾಯ ನೋಡುತ್ತಾರೆ. 2024ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡವು ಬೇಕಿಲ್ಲ, ಆದರೆ ಅದು ದೇಶದೊಳಗಿನ ಆಯ್ದ ಸಂಸ್ಥೆಗಳಿಗೆ ಮಾತ್ರ.

ಎರಡು ರಾಜ್ಯಗಳ ನಡುವೆ

ಪರಿಶಿಷ್ಟ ಜಾತಿಯ ಮಕ್ಕಳಿಗೆ ಮತ್ತೊಂದು ತೊಡಕಿದೆ. ಮಹಾರಾಷ್ಟ್ರ ಸರಕಾರ ರಾಜರ್ಷಿ ಶಾಹು ಮಹಾರಾಜರ ಹೆಸರಿನಲ್ಲಿ ವಿದೇಶ ವ್ಯಾಸಂಗಕ್ಕೆ ಪೂರ್ಣ ನೆರವು ನೀಡುತ್ತದೆ. ಆದರೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ವಲಸೆ ಹೋದವರು ತಮ್ಮ ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಹೊಸ ರಾಜ್ಯದ ಸೌಲಭ್ಯಕ್ಕೆ ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 1990ರಲ್ಲಿ ತೀರ್ಪಿತ್ತಿದೆ. ಕರ್ನಾಟಕದಿಂದ ಬಂದವರ ಮಗ ಮುಂಬಯಿಯಲ್ಲೇ ಹುಟ್ಟಿ ಬೆಳೆದಿದ್ದರೂ ಈ ಮಾತು ಅಡ್ಡ ಬರುತ್ತದೆ.

ಅಂಥವರಿಗೆ ಉಳಿದಿರುವ ಮುಖ್ಯ ದಾರಿ ಕೇಂದ್ರ ಸರಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ. ಸಾಮಾಜಿಕ ನ್ಯಾಯ ಸಚಿವಾಲಯ ನಡೆಸುವ ಇದರಲ್ಲಿ ವರ್ಷಕ್ಕೆ 125 ಸ್ಥಾನಗಳು: ಪರಿಶಿಷ್ಟ ಜಾತಿಗೆ 115, ಅಲೆಮಾರಿ ಸಮುದಾಯಗಳಿಗೆ 6, ಭೂರಹಿತ ಕೃಷಿ ಕಾರ್ಮಿಕರು ಮತ್ತು ಪಾರಂಪರಿಕ ಕುಶಲಕರ್ಮಿಗಳಿಗೆ 4. ಶೇ. 30 ಮಹಿಳೆಯರಿಗೆ ಮೀಸಲು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಬಾರದು, ಅರ್ಜಿದಾರರ ವಯಸ್ಸು 35ರೊಳಗಿರಬೇಕು. ಸ್ನಾತಕೋತ್ತರ ಮತ್ತು ಪಿಎಚ್.ಡಿ.ಗೆ ಶುಲ್ಕ, ಜೀವನ ವೆಚ್ಚ, ವಿಮಾನ ಖರ್ಚು ಎಲ್ಲವೂ ಸೇರುತ್ತದೆ. ಪರಿಶಿಷ್ಟ ಪಂಗಡಕ್ಕೆ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ತಲಾ 20 ಸ್ಥಾನಗಳ ಬೇರೆ ಯೋಜನೆಗಳಿವೆ.

ಈ ದಾರಿಯೂ ನೇರವಾಗಿಲ್ಲ. 2022ರಲ್ಲಿ ಭಾರತೀಯ ಸಂಸ್ಕೃತಿ, ಇತಿಹಾಸ, ಸಮಾಜಕ್ಕೆ ಸಂಬಂಧಿಸಿದ ಅಧ್ಯಯನವನ್ನು ಈ ವೇತನದಿಂದ ಹೊರಗಿಟ್ಟದ್ದು ಟೀಕೆಗೆ ಗುರಿಯಾಯಿತು. 2025ರ ಜುಲೈನಲ್ಲಿ ಆಯ್ಕೆಯಾದ 106 ಮಂದಿಯಲ್ಲಿ ಮೊದಲ ಹಂತಕ್ಕೆ 40 ಮಂದಿಗಷ್ಟೇ ಮಂಜೂರಾತಿ ಪತ್ರ ಸಿಕ್ಕಿ, ಉಳಿದವರಿಗೆ ಹಣ ಲಭ್ಯವಾದರೆ ಎಂಬ ಉತ್ತರ ಬಂದಿತ್ತು. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ಸಾಲಕ್ಕೆ ಬಡ್ಡಿ ನೆರವು ಕೊಡುತ್ತಿದ್ದ ‘ಪಢೋ ಪರದೇಶ್’ ಯೋಜನೆಯಂತೂ 2022-23ರಿಂದ ನಿಂತಿದೆ.

ಸಂಘಗಳು ಮಾಡಬಹುದಾದದ್ದು

ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ರಾತ್ರಿಶಾಲೆ ತೆರೆದು ಅಕ್ಷರ ಕೊಟ್ಟ ಪರಂಪರೆ ಮುಂಬಯಿ ಕನ್ನಡಿಗರದು. ಅಂದಿನ ಕೊರತೆ ಅಕ್ಷರ, ಇಂದಿನ ಕೊರತೆ ಮಾಹಿತಿ ಮತ್ತು ಜಾಮೀನು. ಎರಡನ್ನೂ ನೀಗಿಸುವ ಶಕ್ತಿ ಸಂಘಗಳಿಗಿದೆ.

ಮೊದಲನೆಯದಾಗಿ, ಪುರಸ್ಕಾರದ ದಿನ ಕಾಯದೆ ಪದವಿಯ ಎರಡನೇ ವರ್ಷದಲ್ಲೇ ಮಕ್ಕಳನ್ನೂ ಪಾಲಕರನ್ನೂ ಕೂಡಿಸಿ ಮಾಹಿತಿ ನೀಡಬೇಕು. ಜಾತಿ ಪ್ರಮಾಣಪತ್ರ, ಆದಾಯ ಪತ್ರ, ಪಾಸ್‌ಪೋರ್ಟು ಕೊನೆಯ ಗಳಿಗೆಯಲ್ಲಿ ಸಿಗುವಂಥದಲ್ಲ. ತಂದೆಯ ಜಾತಿ ಪತ್ರ ಊರಿನ ತಾಲೂಕು ಕಚೇರಿಯಿಂದ ಬರಬೇಕಾದಲ್ಲಿ ಸಂಘದವರ ಊರಿನ ಸಂಪರ್ಕ ಬಹಳ ಉಪಯೋಗಕ್ಕೆ ಬಂದೀತು. ಎರಡನೆಯದು, ಇಂಗ್ಲಿಷ್ ಪರೀಕ್ಷೆಯ ಶುಲ್ಕ, ಅರ್ಜಿ ಶುಲ್ಕ, ವೀಸಾ ಶುಲ್ಕ. ಸಾಲವಾಗಲೀ ವಿದ್ಯಾರ್ಥಿವೇತನವಾಗಲೀ ಕೈಸೇರುವ ಮೊದಲೇ ಈ ಹಣ ಹೋಗುತ್ತದೆ. ಶಾಲು, ಸ್ಮರಣಿಕೆಯ ಖರ್ಚಿನಲ್ಲಿ ಒಂದಿಷ್ಟು ಇದಕ್ಕೆ ತಿರುಗಿಸಿದರೆ ಇಬ್ಬರು ಮೂವರ ಬಾಗಿಲು ತೆರೆದಂತೆ.

ಮೂರನೆಯದು ಜಾಮೀನು. ಶಿಕ್ಷಣ ಸಾಲಕ್ಕೆ ಮೂರನೆಯವರ ಆಸ್ತಿ ಅಥವಾ ಠೇವಣಿಯನ್ನೂ ಭದ್ರತೆಯಾಗಿ ಇಡಬಹುದು. ದಾನಿಗಳು ಹಣವನ್ನು ಕೊಟ್ಟುಬಿಡಬೇಕೆಂದಿಲ್ಲ. ಠೇವಣಿ ಅವರ ಹೆಸರಿನಲ್ಲೇ ಇದ್ದು ಬಡ್ಡಿ ಬರುತ್ತಿರುತ್ತದೆ. ಸಾಲ ತೀರದಿದ್ದರೆ ಮಾತ್ರ ಬ್ಯಾಂಕು ಅದಕ್ಕೆ ಕೈ ಹಾಕುತ್ತದೆ. ಆದ್ದರಿಂದ ವಿಶ್ವವಿದ್ಯಾಲಯ, ಕೋರ್ಸು, ಮುಂದೆ ಕೆಲಸದ ಅವಕಾಶ ಇವನ್ನು ಪರಿಶೀಲಿಸಿ, ಐದಾರು ಮಂದಿ ಕೂಡಿ ಹೊರೆ ಹಂಚಿಕೊಳ್ಳುವುದು ಲೇಸು. ಇದರಲ್ಲಿ ಹೆಣ್ಣುಮಕ್ಕಳಿಗೆ ಒಂದು ಪಾಲು ಎತ್ತಿಡುವುದೂ ಅಗತ್ಯ. ಮದುವೆಗೆಂದು ಕೂಡಿಟ್ಟ ಹಣ ಮುಟ್ಟಲು ಹಿಂಜರಿಯುವ ಮನೆಗಳಲ್ಲಿ ಅಣ್ಣನಿಗೆ ಸಿಗುವ ಸಾಲದ ಸಹಿ ತಂಗಿಗೆ ಸಿಗುವುದು ಸುಲಭವಲ್ಲ.

ಮುಂಬರುವ ಮಹಾಸಭೆಗಳಲ್ಲಿ ಪದಾಧಿಕಾರಿಗಳು ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ, ವರ್ಷಕ್ಕೆ ಒಬ್ಬ ವಿದ್ಯಾರ್ಥಿಗಾದರೂ ಬೆನ್ನಾಗಿ ನಿಲ್ಲುವ ನಿರ್ಧಾರ ಕೈಗೊಂಡರೆ ಅದು ಅರ್ಥಪೂರ್ಣ ಸೇವೆಯಾದೀತು.