ಕಾಣದ ಗ್ರಹದ ಲೆಕ್ಕ

ಓದುಗರೇ, ನವರಾತ್ರಿಯಿಂದ ದೀಪಾವಳಿಯವರೆಗಿನ ಯಾವುದಾದರೊಂದು ರಾತ್ರಿ, ಊಟ ಮುಗಿಸಿ ಅಂಗಳಕ್ಕೆ ಬಂದು ತಲೆಯೆತ್ತಿ ನೋಡಿ. ನೆತ್ತಿಯ ಹತ್ತಿರ ನಾಲ್ಕು ನಕ್ಷತ್ರಗಳ ದೊಡ್ಡ ಚೌಕವೊಂದು ಕಾಣುತ್ತದೆ. ಅದರ ಪಶ್ಚಿಮ ಬದಿಯ ಎರಡು ನಕ್ಷತ್ರಗಳೇ ನಮ್ಮ ಪಂಚಾಂಗದ ಪೂರ್ವಾಭಾದ್ರ. ಅವೆರಡರ ನಡುವೆ, ಚೌಕದಿಂದ ತುಸು ಹೊರಗೆ, ಬಹಳ ಮಂದವಾದ ಚುಕ್ಕಿಯೊಂದಿದೆ. ಬೀದಿದೀಪವಿಲ್ಲದ ಕಡೆ, ಕಣ್ಣು ಚುರುಕಾಗಿದ್ದವರಿಗೆ ಮಾತ್ರ ಕಂಡೀತು. ಅದರ ಹೆಸರು 51 ಪೆಗಾಸಿ. ಅಲ್ಲಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು ಸುಮಾರು 50 ವರ್ಷ ಬೇಕು.

ನಮ್ಮ ಸೂರ್ಯನಂಥ ನಕ್ಷತ್ರವೊಂದಕ್ಕೆ ಗ್ರಹವಿದೆ ಎಂದು ಮೊದಲು ಖಚಿತವಾದದ್ದು ಅಲ್ಲೇ, 1995ರಲ್ಲಿ. ಕಂಡುಹಿಡಿದವರು ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯರ್ ಮತ್ತು ಅವರ ಸಂಶೋಧನ ವಿದ್ಯಾರ್ಥಿ ದಿದಿಯೇ ಕೆಲೋ.

ಅವರು ಆ ಗ್ರಹವನ್ನು ಕಣ್ಣಾರೆ ಕಂಡರೇ? ಇಲ್ಲ. ನಕ್ಷತ್ರದ ಪಕ್ಕದಲ್ಲಿ ಗ್ರಹವೆಂದರೆ ಪೆಟ್ರೋಮ್ಯಾಕ್ಸ್ ದೀಪದ ಪಕ್ಕದ ಮಿಂಚುಹುಳವಿದ್ದಂತೆ. ಅವರು ಗಮನಿಸಿದ್ದು ನಕ್ಷತ್ರದ ಓಲಾಟವನ್ನು. ಅಜ್ಜ ಮೊಮ್ಮಗನ ಎರಡೂ ಕೈ ಹಿಡಿದು ಗಿರಗಿರನೆ ತಿರುಗಿಸುವುದನ್ನು ನೀವು ನೋಡಿದ್ದೀರಲ್ಲ? ಮಗು ದೊಡ್ಡ ಸುತ್ತು ಹಾಕಿದರೆ ಅಜ್ಜನೂ ಸಣ್ಣ ಸುತ್ತಿನಲ್ಲಿ ಓಲಾಡುತ್ತಾನೆ. ಹಾಗೆಯೇ ಗ್ರಹದ ಸೆಳೆತಕ್ಕೆ ನಕ್ಷತ್ರ ಓಲಾಡುತ್ತದೆ. ಅದು ನಮ್ಮತ್ತ ಬರುವಾಗ ಬೆಳಕು ತುಸು ನೀಲಿಯ ಕಡೆಗೂ ದೂರ ಹೋಗುವಾಗ ಕೆಂಪಿನ ಕಡೆಗೂ ಸರಿಯುತ್ತದೆ. ರೈಲು ನಮ್ಮನ್ನು ದಾಟಿದ ಕೂಡಲೇ ಅದರ ಸಿಳ್ಳಿನ ಸ್ವರ ಇಳಿಯುವುದೂ ಇಂಥದೇ ಕಾರಣದಿಂದ. ಫ್ರಾನ್ಸಿನ ಓತ್ ಪ್ರೊವಾನ್ಸ್ ವೀಕ್ಷಣಾಲಯದ ದೂರದರ್ಶಕಕ್ಕೆ ಜೋಡಿಸಿದ ಉಪಕರಣದಿಂದ ಈ ಓಲಾಟವನ್ನು ಅಳೆದರು. ವೇಗ ಸೆಕೆಂಡಿಗೆ ಸುಮಾರು 56 ಮೀಟರ್.

ಆದರೆ ಲೆಕ್ಕ ನೋಡಿ ಅವರೇ ಬೆಚ್ಚಿದರು. ನಮ್ಮ ಗುರು ಗ್ರಹ ಸೂರ್ಯನನ್ನು ಸುತ್ತಲು ಸುಮಾರು 12 ವರ್ಷ ಬೇಕು. ಎಲ್ಲಕ್ಕಿಂತ ಒಳಗಿರುವ ಬುಧನಿಗೂ 88 ದಿನ. ಗುರುವಿನ ಅರ್ಧದಷ್ಟು ತೂಕದ ಈ ದೈತ್ಯನಿಗೆ ನಾಲ್ಕೂಕಾಲು ದಿನವೂ ಪೂರ್ತಿ ಬೇಡ! ಸೂರ್ಯನಿಂದ ಭೂಮಿಗಿರುವ ದೂರದ ಇಪ್ಪತ್ತರಲ್ಲೊಂದು ಪಾಲಿನಷ್ಟೇ ಅಂತರ. ಬಿಸಿ ಸುಮಾರು ಸಾವಿರ ಡಿಗ್ರಿ. ದೈತ್ಯ ಗ್ರಹಗಳು ದೂರದ ಚಳಿಯಲ್ಲೇ ಇರಬೇಕೆಂಬುದು ಅಂದಿನ ಪಾಠ.

ನಾನು ಮೆಟ್ರಿಕ್ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದವನು. ಲೆಡ್ಜರ್ ತಾಳೆಯಾಗದಿದ್ದರೆ ಮೊದಲು ನಿನ್ನ ಕೂಡಿಕೆಯನ್ನೇ ಸಂಶಯಿಸು ಎಂದು ನನ್ನ ಹಿರಿಯರು ಕಲಿಸಿದ್ದರು. ಆ ಇಬ್ಬರೂ ಹಾಗೆಯೇ ಮಾಡಿದರು. ಅಷ್ಟರಲ್ಲಿ ನಕ್ಷತ್ರ ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಮತ್ತೆ ಕಾಣಿಸಿದಾಗ ಓಲಾಟ ಎಷ್ಟಿರಬೇಕೆಂದು ಮುಂಚೆಯೇ ಲೆಕ್ಕ ಹಾಕಿಟ್ಟು, ಜುಲೈವರೆಗೆ ಬಾಯಿ ಬಿಡದೆ ಕಾದರು. ಜುಲೈಯಲ್ಲಿ ಅಳೆದರೆ ಲೆಕ್ಕ ತಾಳೆಯಾಯಿತು. 1995ರ ಅಕ್ಟೋಬರ್ 6ರಂದು ಇಟಲಿಯ ಫ್ಲಾರೆನ್ಸಿನಲ್ಲಿ ಸುದ್ದಿ ಹೊರಬಿತ್ತು. ಅದೇ ತಿಂಗಳಲ್ಲಿ ಅಮೆರಿಕದ ಲಿಕ್ ವೀಕ್ಷಣಾಲಯದವರೂ ಅಳೆದು ಹೌದೆಂದರು.

ಕೆನಡಾದ ವಿಜ್ಞಾನಿಗಳು ಅದಕ್ಕೂ ಮೊದಲು 12 ವರ್ಷ 21 ನಕ್ಷತ್ರಗಳನ್ನು ಸೋಸಿ ಬರಿಗೈಯಲ್ಲಿ ಉಳಿದಿದ್ದರು. ಗುರುವಿನಂಥ ಗ್ರಹಕ್ಕೆ ವರ್ಷಗಟ್ಟಲೆ ಕಾಯಬೇಕೆಂಬುದೇ ಹುಡುಕುವವರ ನಂಬಿಕೆಯಾಗಿತ್ತು. ದೈತ್ಯ ಗ್ರಹ ನಕ್ಷತ್ರಕ್ಕೆ ತೀರಾ ಹತ್ತಿರ ಇರಬಾರದೇಕೆ ಎಂದು ಆಟೊ ಸ್ಟ್ರೂವ್ 1952ರಲ್ಲೇ ಬರೆದಿದ್ದರು. ಅದಕ್ಕೆ ಹೆಚ್ಚಿನವರು ಕಿವಿಗೊಡಲಿಲ್ಲ. ಇಂಥ ಗ್ರಹಗಳು ದೂರದಲ್ಲಿ ಹುಟ್ಟಿ, ನಕ್ಷತ್ರದ ಸುತ್ತಲಿನ ಅನಿಲದ ತಟ್ಟೆಯೊಳಗೆ ನಿಧಾನವಾಗಿ ಒಳಕ್ಕೆ ಸರಿದು ಬಂದಿರಬೇಕೆಂದು ಈಗ ಹಲವರು ಹೇಳುತ್ತಾರೆ.

2015ರಲ್ಲಿ ಆ ಗ್ರಹಕ್ಕೆ ಡಿಮಿಡಿಯಮ್ ಎಂಬ ಹೆಸರಾಯಿತು. ಲ್ಯಾಟಿನ್ನಿನಲ್ಲಿ ಅರ್ಧ ಎಂದರ್ಥ. 2019ರಲ್ಲಿ ಮೇಯರ್ ಮತ್ತು ಕೆಲೋ ಅವರಿಗೆ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯ ಅರ್ಧ ಪಾಲು ಬಂತು. ಅದೇ ವರ್ಷ ಭಾರತವೂ ಇಂಥದೇ ಇನ್ನೊಂದು ಬಿಸಿ ದೈತ್ಯನಿಗೆ ಸಂತಮಸ ಎಂದು ಹೆಸರಿಟ್ಟಿತು. ಇಂದು ನಾವು ಬಲ್ಲ ಹೊರಗಿನ ಗ್ರಹಗಳು 5,000ಕ್ಕೂ ಮಿಕ್ಕಿವೆ.

ಇಂದು ಮೋಡವಿಲ್ಲದಿದ್ದರೆ ಮಕ್ಕಳನ್ನೂ ಅಂಗಳಕ್ಕೆ ಕರೆಯಿರಿ. ಚುಕ್ಕಿ ಕಾಣದಿದ್ದರೂ ಪೂರ್ವಾಭಾದ್ರವನ್ನಾದರೂ ತೋರಿಸಿ, ಈ ಕಥೆ ಹೇಳಿ.