ಅಡಿಕೆಯ ಬುಡದಲ್ಲಿ ಅಣಬೆ

ಅಣಬೆಯೆಂದೊಡನೆ ಮೊದಲ ಮಳೆಗೆ ಕೊಡೆ ಬಿಚ್ಚಿ, ಎರಡು ದಿನಗಳಲ್ಲಿ ಕರಗಿಹೋಗುವ ಮೃದುವಾದ ವಸ್ತುವೊಂದು ಕಣ್ಣೆದುರು ನಿಲ್ಲುತ್ತದೆ. ಆದರೆ ಎಲ್ಲ ಅಣಬೆಗಳೂ ಅಲ್ಪಾಯುಗಳಲ್ಲ. ಹಳೆಯ ಮರಗಳ ಮೈಮೇಲೆ, ಗೋಡೆಗೆ ಬಡಿದ ಹಲಗೆಯಂತೆ ಅಡ್ಡಲಾಗಿ ಚಾಚಿ ನಿಲ್ಲುವ ಅಣಬೆಗಳೂ ಉಂಟು. ಮುಟ್ಟಿದರೆ ಇವು ಮರದಷ್ಟೇ ಗಡುಸು. ಕೆಲವು ಜಾತಿಗಳು ವರ್ಷವರ್ಷವೂ ಹೊಸ ಪದರವನ್ನು ಕೂಡಿಸಿಕೊಳ್ಳುತ್ತ ಬಹುಕಾಲ ಬಾಳುತ್ತವೆ.

ಕಣ್ಣಿಗೆ ಕಾಣುವ ಈ ಹಲಗೆ ಅಣಬೆಯ ಪೂರ್ಣದೇಹವಲ್ಲ. ಮಾವಿನ ಮರಕ್ಕೆ ಹಣ್ಣು ಹೇಗೋ ಅಣಬೆಗೆ ಇದು ಹಾಗೆ. ಅದರ ನಿಜವಾದ ಒಡಲು ನೂಲಿಗಿಂತ ಸೂಕ್ಷ್ಮವಾದ ಎಳೆಗಳ ರೂಪದಲ್ಲಿ ಮರದೊಳಗೆ ಹಬ್ಬಿ, ಮರದ ಸಾರವನ್ನು ಕರಗಿಸಿ ಉಣ್ಣುತ್ತಿರುತ್ತದೆ. ಹಲಗೆಯ ಅಡಿಭಾಗದ ಸಣ್ಣ ರಂಧ್ರಗಳಿಂದ ಧೂಳಿನಂತಹ ಬೀಜಕಣಗಳು ಉದುರುತ್ತವೆ. ಗ್ಯಾನೊಡರ್ಮ ಕುಲದ ಒಂದು ದೊಡ್ಡ ಅಣಬೆ ದಿನವೊಂದಕ್ಕೆ ಸುಮಾರು 3000 ಕೋಟಿ ಕಣಗಳನ್ನು ಚೆಲ್ಲಬಲ್ಲುದೆಂದು ವಿಜ್ಞಾನಿಗಳು ಲೆಕ್ಕಹಾಕಿದ್ದಾರೆ.

ಕಾಡಿನಲ್ಲಿ ಇದರಿಂದ ಉಪಕಾರವೇ ಹೆಚ್ಚು. ಮರಕ್ಕೆ ಗಡುಸುತನವನ್ನು ಕೊಡುವ ಲಿಗ್ನಿನ್ ಎಂಬ ದ್ರವ್ಯವನ್ನು ಜೀರ್ಣಿಸಬಲ್ಲ ಜೀವಿಗಳು ವಿರಳ. ಆ ಕಾರ್ಯವನ್ನು ಮಾಡಿ, ಬಿದ್ದ ಮರವನ್ನು ಮಣ್ಣಿಗೆ ಹಿಂದಿರುಗಿಸುವವರಲ್ಲಿ ಇಂತಹ ಅಣಬೆಗಳು ಅಗ್ರಗಣ್ಯ.

ಅದೇ ಗ್ಯಾನೊಡರ್ಮ ಅಡಿಕೆಯ ತೋಟವನ್ನು ಹೊಕ್ಕಾಗ ಮಾತ್ರ ಕಥೆಯೇ ಬೇರೆ. ಕರ್ನಾಟಕದ ಬೆಳೆಗಾರರು ಇದನ್ನು ‘ಅಣಬೆ ರೋಗ’ವೆಂದೇ ಕರೆಯುತ್ತಾರೆ. ಮೊದಲು ಬೇರು ಕೊಳೆಯುತ್ತದೆ; ಹೊರಗಿನವರಿಗೆ ಅದು ತಿಳಿಯುವುದಿಲ್ಲ. ಅನಂತರ ಹೊರಸುತ್ತಿನ ಸೋಗೆಗಳು ಹಳದಿಯಾಗಿ ಜೋತುಬೀಳುತ್ತವೆ. ನೀರು ಸಾಲದೆ ಹೀಗಾಯಿತೆಂದು ಮನೆಯವರು ಭಾವಿಸುವುದುಂಟು. ಬುಡದಿಂದ ಕಂದು ಬಣ್ಣದ ರಸ ಒಸರತೊಡಗುತ್ತದೆ. ಎಲ್ಲಕ್ಕೂ ಕೊನೆಯಲ್ಲಿ ಅಣಬೆ ಹೊರಗೆ ಮುಖ ತೋರಿಸುತ್ತದೆ. ಅಷ್ಟುಹೊತ್ತಿಗೆ ಆ ಮರವನ್ನು ಉಳಿಸಿಕೊಳ್ಳುವ ಆಸೆ ಬಹುಮಟ್ಟಿಗೆ ಕೈಬಿಟ್ಟಂತೆಯೇ.

ಹಲಗೆಯನ್ನು ಕಿತ್ತೆಸೆದ ಮಾತ್ರಕ್ಕೆ ರೋಗ ತೊಲಗದು. ಸತ್ತ ಮರದ ಬುಡವನ್ನು ಬೇರುಸಹಿತ ಅಗೆದು ಸುಡಬೇಕು. ರೋಗ ತಗುಲಿದ ಮರದ ಸುತ್ತ ಕಂದಕ ತೋಡಿ, ನೆರೆಮರದ ಬೇರಿಗೆ ಅದು ದಾಟದಂತೆ ತಡೆಯಬೇಕು. ನೀರು ಬಸಿದುಹೋಗಲು ಕಾಲುವೆಯಿರಬೇಕು. ಒಂದು ಮರದ ಬುಡದ ನೀರು ಇನ್ನೊಂದರ ಬುಡಕ್ಕೆ ಹರಿಯಬಾರದು. ಬೇವಿನ ಹಿಂಡಿಯನ್ನು ಹಾಕುವುದೂ ಹಿತಕರ.

ಅಡಿಕೆ ಫಲ ಕೊಡಲು ಐದಾರು ವರ್ಷ ಕಾಯಬೇಕು. ಅಷ್ಟು ಕಾಲ ಮಗುವಿನಂತೆ ಸಾಕಿದ ಮರ ಒಳಗೊಳಗೇ ಸವೆಯುತ್ತಿರುವಾಗ, ಅಣಬೆ ಕಾಣಿಸಲೆಂದು ಕಾದು ಕುಳಿತರೆ ತಡವಾದೀತು. ಬಾಡಿದ ಮೊದಲ ಸೋಗೆಯನ್ನು ಕಂಡಾಗಲೇ ಬುಡವನ್ನು ಪರೀಕ್ಷಿಸುವ ಬೆಳೆಗಾರ ಆ ಮರವನ್ನಲ್ಲದಿದ್ದರೂ ಅದರ ನೆರೆಹೊರೆಯನ್ನು ಕಾಪಾಡಿಕೊಳ್ಳಬಲ್ಲ.